ಚಹಾ ಕಷಾಯ ಸುರಿದುಕೊಂಡ ಮೇಲೆ ಕೂದಲು ಒರಟಾಗುತ್ತಿರುವುದೇಕೆ?

ಕೋಲಾರದವಳು:
ಎರಡು ಲೋಟ ಬೋರ್‌ವೆಲ್ ನೀರಿಗೆ ಮೂರು ಚಮಚ ಚಹಾಪುಡಿ ಹಾಕಿ, ಕಾಲು ಗಂಟೆ ಕುದಿಸಿ, ಸೋಸಿ ಆರಿಸಿ, ತಲೆಸ್ನಾನದ ಕೊನೆಯಲ್ಲಿ ಸುರಿದುಕೊಳ್ಳುತ್ತಿದ್ದೇನೆ. ಮೊದಲೆರಡು ಸಲ ಹೊಳಪು ಬಂದಂತೆ ಕಂಡಿತಾದರೂ ಈಗ ಕೂದಲು ತೆಂಗಿನ ನಾರಿನಂತಾಗಿ ಬಾಚಣಿಗೆ ಅರ್ಧಕ್ಕೇ ನಿಲ್ಲುತ್ತಿದೆ. ಆರಿದ ಕಷಾಯದ ಮೇಲೆ ತೆಳುವಾದ ಕಂದು ಪೊರೆಯೊಂದು ಕಟ್ಟುತ್ತದೆ, ಅದೇ ಕಾರಣವಿರಬಹುದೇ? ಉಳಿದ ಕಷಾಯವನ್ನು ಬಾಟಲಿಯಲ್ಲಿ ತುಂಬಿಡಬಹುದೇ?

ರಸಾಯನಪ್ರಿಯ:
ಆ ಪೊರೆ ನಿಮ್ಮ ನೀರು ಗಡಸು ಎಂಬುದರ ಗುರುತು. ನೀರಿನಲ್ಲಿರುವ ಕ್ಯಾಲ್ಸಿಯಂ ಹಾಗೂ ಚಹಾದ ಪಾಲಿಫೆನಾಲ್‌ಗಳು ಗಾಳಿ ತಾಗಿದಾಗ ಸೇರಿ ಹಾಗೆ ಕಟ್ಟುತ್ತವೆ. ಆದರೆ ನನಗೆ ಹೆಚ್ಚು ಅನುಮಾನ ನಿಮ್ಮ ಕಾಲು ಗಂಟೆಯ ಕುದಿತದ ಮೇಲೆ. ಚಹಾವನ್ನು ಹೆಚ್ಚು ಹೊತ್ತು ಕುದಿಸಿದಷ್ಟೂ ನಾಲಿಗೆಗೆ ಒಗರಾಗಿಸುವ ಟ್ಯಾನಿನ್ ಹೆಚ್ಚು ಇಳಿಯುತ್ತದೆ, ಅದು ಪ್ರೋಟೀನಿಗೆ ಅಂಟುವ ವಸ್ತು, ಕೂದಲಾದರೋ ಬಹುಪಾಲು ಪ್ರೋಟೀನೇ. ಎರಡು ಲೋಟ ಫಿಲ್ಟರ್ ನೀರನ್ನು ಕುದಿಸಿ ಒಲೆ ಆರಿಸಿ, ಒಂದೇ ಚಮಚ ಪುಡಿ ಹಾಕಿ ಐದು ನಿಮಿಷ ಮುಚ್ಚಿಟ್ಟು ಸೋಸಿರಿ. ವಾರಕ್ಕೊಮ್ಮೆ ಸಾಕು. ಗಟ್ಟಿ ಡಿಕಾಕ್ಷನ್ನನ್ನು ಮದರಂಗಿ ಕಲಸುವುದಕ್ಕೆ ಇಟ್ಟುಕೊಳ್ಳಿ.

ಮಲೆನಾಡಿನ ಅಜ್ಜಿ:
ನಮ್ಮಲ್ಲಿ ಮತ್ತಿಸೊಪ್ಪನ್ನು ತಣ್ಣೀರಿನಲ್ಲಿ ಕಿವುಚಿ, ಲೋಳೆ ತೆಗೆದು ತಲೆಗೆ ಹಾಕಿಕೊಳ್ಳುತ್ತೇವೆ; ಅದಕ್ಕೆ ಗೊಂಪು ಎನ್ನುತ್ತೇವೆ. ನಿಮಗೆ ಅದು ಸಿಗದಿದ್ದರೆ ಹಿತ್ತಲಿನ ದಾಸವಾಳದ ಹತ್ತು ಹದಿನೈದು ಎಲೆಗಳನ್ನು ಹೀಗೆಯೇ ಕಿವುಚಿರಿ, ಕುದಿಸುವುದು ಬೇಡ. ಬೆರಳ ಸಂದಿನಿಂದ ನೀರು ನೂಲಿನಂತೆ ಇಳಿಯತೊಡಗಿದರೆ ಹದ ಬಂದಂತೆ. ತೆಳುಬಟ್ಟೆಯಲ್ಲಿ ಸೋಸದಿದ್ದರೆ ಮಾತ್ರ ಎಲೆಯ ಚೂರುಗಳನ್ನು ಸಂಜೆಯವರೆಗೂ ಹೆಕ್ಕುತ್ತ ಕೂರಬೇಕಾದೀತು!

ಒಬ್ಬ ಓದುಗ:
ಬಾಟಲಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಕೆಡದಂತೆ ತಡೆಯುವ ಯಾವ ವಸ್ತುವೂ ಇದರಲ್ಲಿಲ್ಲದ ಕಾರಣ ಫ್ರಿಜ್ಜಿನಲ್ಲಿಟ್ಟರೂ ಎರಡು ದಿನ ಮೀರಿಸಬೇಡಿ. ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಹೊಸ ಎಲೆ ಬಳಸುವ ಮುನ್ನ ಮೊಣಕೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯುವುದು ಒಳ್ಳೆಯದು. ಕೂದಲು ಉದುರುವುದು ನಿಲ್ಲಲೆಂದು ಇದನ್ನು ಮಾಡುತ್ತಿದ್ದರೆ ಚರ್ಮವೈದ್ಯರನ್ನು ಕಾಣಿರಿ, ಏಕೆಂದರೆ ಕಷಾಯ ಕೂದಲಿನ ಮೇಲ್ಮೈಯನ್ನಷ್ಟೇ ನಯಗೊಳಿಸಬಲ್ಲದು.

ಕೋಲಾರದವಳು:
ಉದುರುವ ತೊಂದರೆಯಿಲ್ಲ, ಒರಟುತನದ್ದೇ ಚಿಂತೆ. ಬಾಟಲಿಯನ್ನು ಈಗಷ್ಟೇ ಮೂಸಿ ನೋಡಿ ಬಚ್ಚಲಿಗೆ ಸುರಿದೆ. ಭಾನುವಾರ ದಾಸವಾಳದ ಸರದಿ.