ಚೀನಾದ ಹಳೇ ಸ್ಟೂಲ್: ಹಲಗೆ ಪಕ್ಕದ ಸಂದಿ ಮುಚ್ಚಬಹುದಾ?

ಸುಮಾ (ಬೀಜಿಂಗ್): ರಘು ಸರ್, ಪಾನ್‌ಜಿಯಾಯುವಾನ್ ಸಂತೇಲಿ ಕೊಂಡ ಚೌಕದ ಸ್ಟೂಲ್ ಇದು. ಚಳಿಗಾಲದ ಹೀಟಿಂಗ್ ಶುರುವಾದ ಮೇಲೆ ಕೂರೋ ಹಲಗೆಗೂ ಚೌಕಟ್ಟಿಗೂ ನಡುವೆ ಎರಡೂ ಕಡೆ ಸಂದಿ ಬಿಟ್ಟಿದೆ. ಮರದ ಹೊಟ್ಟಿಗೆ ಫೆವಿಕಾಲ್ ಕಲಸಿ ತುಂಬಿ ಅಂತ ವಾಟ್ಸಾಪ್‌ನಲ್ಲಿ ಬಂತು. ಒಂದು ಕಡೆ ತುಂಬಿದೆ.

ರಘು (ಪೀಠೋಪಕರಣ ದುರಸ್ತಿ): ಇನ್ನೊಂದು ಕಡೆ ಮುಟ್ಟಬೇಡಿ ಮೇಡಂ. ಆ ಸಂದಿ ದೋಷ ಅಲ್ಲ, ಬೇಕಂತಲೇ ಬಿಟ್ಟಿದ್ದು. ಮಿಂಗ್ ಕಾಲದ (1368–1644) ಪದ್ಧತೀಲಿ ಹಲಗೇನ ಚೌಕಟ್ಟಿಗೆ ಅಂಟಿಸಲ್ಲ. ಚೌಕಟ್ಟಿನ ಒಳಅಂಚಲ್ಲಿ ತೋಡು, ಹಲಗೆ ಅಂಚಲ್ಲಿ ತೆಳು ನಾಲಿಗೆ, ಅಷ್ಟೇ. ಅಡಿಗೆ ಕೈಯಾಡಿಸಿದ್ರೆ ಅಡ್ಡಪಟ್ಟಿ ಸಿಗುತ್ತೆ, ಅದೂ ಓರೆ ಕಚ್ಚಲ್ಲಿ ಜಾರಿಸಿ ಕೂರಿಸಿದ್ದು. ಮರ ಉದ್ದಕ್ಕೆ ಅಷ್ಟಾಗಿ ಅಲ್ಲಾಡಲ್ಲ, ಅಗಲಕ್ಕೆ ಹಿಗ್ಗಿ ಕುಗ್ಗುತ್ತೆ. ಈಗ ಒಣಹವೇಲಿ ಕುಗ್ಗಿದ್ದು ಜುಲೈ ಮಳೇಲಿ ಹಿಗ್ಗುತ್ತೆ. ಜಾಗ ಇಲ್ಲದಿದ್ರೆ ಹಲಗೆ ಸೀಳುತ್ತೆ, ಇಲ್ಲಾ 45 ಡಿಗ್ರಿ ಮೂಲೆಗಳು ಬಾಯಿಬಿಡ್ತವೆ. ಒಂದೇ ಕಡೆ ಅಂಟಿದ್ರೂ ಕುಗ್ಗೋದೆಲ್ಲಾ ಇನ್ನೊಂದು ಕಡೆಗೇ ಬಿದ್ದು ನಾಲಿಗೆ ತೋಡಿಂದ ಕಳಚಬಹುದು. ತುಂಬಿ ಎಷ್ಟು ಹೊತ್ತಾಯ್ತು? ಹಸಿ ಇದ್ರೆ ಬಿದಿರು ಕಡ್ಡೀಲಿ ಈಗಲೇ ತೆಗೀರಿ.

ಮಂಜುನಾಥ: ನಂದು ಚೀನಾದ ಬೆಲೆಬಾಳೋ ಹ್ವಾಂಗ್‌ಹ್ವಾಲಿ ಮರದ್ದಾ ಸರ್? (ಫೋಟೋ)

ರಘು: ಫೋಟೋ ನೋಡಿ ಹೇಳಕ್ಕಾಗಲ್ಲ.

ಶೈಲಾ: ನಂದು? (ಫೋಟೋ)

ರಘು: ಮೇಲೆ ಓದಿ.

ರೇಖಾ: ಬೆತ್ತದ ಸೀಟು ಜೋತುಬಿದ್ದಿದೆ. ಹೆಣೆಯೋರು ಬೆಂಗಳೂರಲ್ಲಿ ಸಿಗ್ತಾರಾ?

ಕಿರಣ್: ಚಕ್ಕೆ ಕೆತ್ತಿ ಸ್ಪಿರಿಟ್‌ಗೆ ಹಾಕಿ. ಕೆಂಪು ಬಿಟ್ರೆ ಝೀತಾನ್ ಮರ. ಕೊಬ್ಬರಿ ಎಣ್ಣೆ ಹಚ್ಚಿದ್ರೆ ಹೊಳಪು. ಫಾರ್ವರ್ಡ್ ಬಂದಿದ್ದು.

ರಘು: ಕೆತ್ತಬೇಡಿ! ಬೇರೆ ಮರಗಳೂ ಕೆಂಪು ಬಿಡ್ತವೆ. ಎಣ್ಣೆ ಧೂಳು ಹಿಡಿದು ಜಿಡ್ಡುಗಟ್ಟುತ್ತೆ. ಒಣ ಬಟ್ಟೆ ಸಾಕು. ಇದನ್ನೆಲ್ಲಾ ಬರೆಯೋರು ಒಂದು ಸ್ಟೂಲನ್ನಾದ್ರೂ ಬಿಚ್ಚಿ ನೋಡಿದ್ದಾರಾ?

ನಾಗರಾಜ್: ಝೀತಾನ್ ಅಂದ್ರೆ ರಕ್ತಚಂದನ ಕಣ್ರೀ, ಕಡಪ, ಚಿತ್ತೂರು ಕಾಡಿಂದು. ನಮ್ಮ ಮರ ಕದ್ದು ಅವರು ಕುಶಲಿಗರು ಅನ್ನಿಸ್ಕೊಂಡ್ರು.

ವಿನಯ್: 1567ರಲ್ಲಿ ಮಿಂಗ್ ದೊರೆ ಸಮುದ್ರ ವ್ಯಾಪಾರದ ನಿಷೇಧ ಸಡಿಲಿಸಿದ ಮೇಲೆ ಹೊರಗಿನ ಗಟ್ಟಿಮರ ಹಡಗಲ್ಲಿ ಬರ್ತಿತ್ತು. ಎಲ್ಲಾ ಕಳ್ಳಮಾಲಾ?

ನಾಗರಾಜ್: ಬಂದ್ರಪ್ಪಾ ಗೂಗಲ್ ಪಂಡಿತರು.

ವಿನಯ್: ನೀವು ಓದಿದ್ರೆ ನಾವ್ಯಾಕೆ ಬರ್ತಿದ್ವಿ.

ರಘು: ಇಬ್ರೂ ಬೇರೆ ಕಡೆ ಹೋಗಿ. ರಕ್ತಚಂದನ 1995ರಿಂದ, ಹ್ವಾಂಗ್‌ಹ್ವಾಲಿ ಸೇರಿದ ಡಾಲ್ಬರ್ಜಿಯಾ ಕುಲ 2017ರಿಂದ ಸೈಟಿಸ್ (ಅಪಾಯದಲ್ಲಿರೋ ಗಿಡ-ಪ್ರಾಣಿಗಳ ವ್ಯಾಪಾರ ನಿಯಂತ್ರಿಸೋ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟೀಲಿದೆ. ಗಡಿ ದಾಟಿಸೋ ಮುಂಚೆ ಪರ್ಮಿಟ್ ವಿಚಾರಿಸಿ.

ಸುಮಾ: ಸರ್, ತುಂಬಿ ಒಂದು ವಾರ ಆಯ್ತು. ಕಲ್ಲಾಗಿದೆ.

ರಘು: ಕೆರೆಯಬೇಡಿ, ಬಿಸಿನೀರು ಬೇಡ. ಹೀಟರ್‌ನಿಂದ ದೂರ ಇಡಿ. ಕಚ್ಚು ಬಿಚ್ಚಿ ಜೋಡಿಸಬಲ್ಲ ಬಡಗಿ ಬೀಜಿಂಗಲ್ಲೇ ಇರ್ತಾರೆ, ಮಳೆಗೆ ಮುಂಚೆ ತೋರಿಸಿ.

ಕಿರಣ್: ಹೇರ್ ಡ್ರೈಯರ್ ಹಿಡಿದ್ರೆ ಅಂಟು ಮೆತ್ತಗಾಗುತ್ತಂತೆ.

ರಘು: ಹಲಗೇನೂ ಸೀಳುತ್ತೆ. ಇನ್ನೊಂದು ಫಾರ್ವರ್ಡ್ ಹಾಕಿದ್ರೆ ನಾನೇ ಗ್ರೂಪ್ ಬಿಡ್ತೀನಿ.

ಕಿರಣ್: ಒಳ್ಳೇದಕ್ಕೇ ಹೇಳಿದ್ದು ಸ್ವಾಮಿ. ಇಷ್ಟು ಸಿಡುಕಿದ್ರೆ ಯಾರು ಕೇಳ್ತಾರೆ?