ತಂದೆತಾಯಿ ಇಬ್ಬರನ್ನೂ ಐಸ್ (ಅಮೆರಿಕದ ವಲಸೆ ಜಾರಿ ಸಂಸ್ಥೆ) ಹಿಡಿದರೆ ಮಕ್ಕಳನ್ನು ನೋಡಿಕೊಳ್ಳಲು ಯಾವ ಕಾಗದ ಬೇಕು? (ಕ್ಯಾಲಿಫೋರ್ನಿಯಾ)

ಪ್ರಶ್ನೆ: ಶನಿವಾರದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಸ್ಯಾನ್ ಹೋಸೆ ಬಳಿ ವಾಸವಾಗಿದ್ದು, ಶನಿವಾರದ ಕನ್ನಡ ತರಗತಿಯಲ್ಲಿ ಚಿಕ್ಕ ಮಕ್ಕಳಿಗೆ ಕಾಗುಣಿತ ಹೇಳಿಕೊಡುತ್ತೇನೆ. ಅಲ್ಲಿಗೆ ಬರುವ ಅಣ್ಣ-ತಂಗಿಯರ ವಿಷಯವಾಗಿ ಈ ಪ್ರಶ್ನೆ. ಅಣ್ಣನಿಗೆ ಒಂಬತ್ತು ವರ್ಷ, ತಂಗಿಗೆ ಆರು. ಇಬ್ಬರೂ ಇಲ್ಲಿಯೇ ಹುಟ್ಟಿದ ಅಮೆರಿಕದ ಪ್ರಜೆಗಳು. ತಂದೆ ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಬಂದವರು. ಕೆಲವು ವರ್ಷಗಳ ಹಿಂದೆ ಕೆಲಸ ಹೋದಾಗ ಸಿಕ್ಕ 60 ದಿನಗಳ ಗಡುವಿನಲ್ಲಿ ಇನ್ನೊಂದು ಕೆಲಸ ಸಿಗಲಿಲ್ಲ. ಸಾಲ ತಲೆಯ ಮೇಲಿದ್ದುದರಿಂದ ಊರಿಗೂ ಹೋಗಲಿಲ್ಲ. ಈಗ ಗಂಡ-ಹೆಂಡತಿ ಇಬ್ಬರಿಗೂ ಇಲ್ಲಿ ಕಾನೂನುಬದ್ಧವಾಗಿ ಉಳಿಯುವ ಸ್ಟೇಟಸ್ ಇಲ್ಲ.

ಕಳೆದ ವಾರ ತರಗತಿ ಮುಗಿದ ಮೇಲೆ ಆ ತಾಯಿ ನನ್ನನ್ನು ಕಾರಿನ ಬಳಿಗೆ ಕರೆದು, "ಅಕ್ಕಾ, ಒಂದು ದಿನ ನಾವಿಬ್ಬರೂ ಮನೆಗೆ ಬಾರದೇ ಹೋದರೆ ಮಕ್ಕಳನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗುತ್ತೀರಾ?" ಎಂದು ಕೇಳಿದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಒಳಗೆ ಜನನ ಪ್ರಮಾಣಪತ್ರಗಳು, ಲಸಿಕೆಯ ಚೀಟಿಗಳು, ಮತ್ತು "ಚಿಕ್ಕವಳಿಗೆ ಕಡಲೆಕಾಯಿ ಆಗುವುದಿಲ್ಲ, ಒಗ್ಗರಣೆಗೂ ಆ ಎಣ್ಣೆ ಬೇಡ" ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆ. ನಾನು ಹೂಂ ಎಂದುಬಿಟ್ಟೆ. ಆದರೆ ಬರಿಯ ಬಾಯಿಮಾತಿನಿಂದ ಶಾಲೆಯವರು ಮಕ್ಕಳನ್ನು ನನ್ನೊಂದಿಗೆ ಕಳುಹಿಸುತ್ತಾರೆಯೇ? ಜ್ವರ ಬಂದರೆ ವೈದ್ಯರ ಬಳಿ ನಾನು ಸಹಿ ಮಾಡಬಹುದೇ? ಮಕ್ಕಳನ್ನು ಹಾಸನದಲ್ಲಿರುವ ಅಜ್ಜಿಯ ಬಳಿ ಬಿಡಬೇಕಾಗಿ ಬಂದರೆ ಏನೇನು ಬೇಕು? ನನ್ನದು ಗ್ರೀನ್ ಕಾರ್ಡ್. ಇದರಿಂದ ನನಗೇನಾದರೂ ತೊಂದರೆಯಾದೀತೇ ಎಂಬ ಅಳುಕೂ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಉತ್ತರ 1: ವಕೀಲರ ಕಚೇರಿಯ ಗುಮಾಸ್ತ

ನಾನು ವಕೀಲನಲ್ಲ, ವಲಸೆ ವಕೀಲರೊಬ್ಬರ ಕಚೇರಿಯಲ್ಲಿ ಬಹುಕಾಲದಿಂದ ಕಾಗದಪತ್ರ ನೋಡಿಕೊಳ್ಳುತ್ತಿರುವವನು. ಆದ್ದರಿಂದ ಇದನ್ನು ಓದಿದ ಮೇಲೆ ಆ ದಂಪತಿ ಒಮ್ಮೆ ವಕೀಲರನ್ನು ಕಾಣಲೇಬೇಕು.

ನಿಮಗೆ ಮೊದಲು ಬೇಕಾದುದು ಕ್ಯಾಲಿಫೋರ್ನಿಯಾದ 'ಕೇರ್‌ಗಿವರ್ಸ್ ಆಥರೈಸೇಷನ್ ಅಫಿಡವಿಟ್'. ಮಗು ಯಾರ ಮನೆಯಲ್ಲಿ ವಾಸವಾಗಿದೆಯೋ ಅವರು, ತಾವು ಹೇಳಿದ್ದು ಸುಳ್ಳಾದರೆ ಶಿಕ್ಷೆಗೆ ಗುರಿಯಾಗುತ್ತೇವೆಂದು ಒಪ್ಪಿ ಸಹಿ ಮಾಡುವ ಸರಳ ನಮೂನೆ ಇದು. ಇದಕ್ಕೆ ನ್ಯಾಯಾಲಯಕ್ಕೆ ಹೋಗಬೇಕಿಲ್ಲ, ನೋಟರಿಯ ಮುದ್ರೆಯೂ ಬೇಕಿಲ್ಲ. ನಿಮ್ಮಂತೆ ರಕ್ತಸಂಬಂಧವಿಲ್ಲದವರು ಇದರ ಬಲದಿಂದ ಮಗುವನ್ನು ಶಾಲೆಗೆ ಸೇರಿಸಬಹುದು ಮತ್ತು ಶಾಲೆಗೆ ಸಂಬಂಧಿಸಿದ ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು. ಬೇರೆಲ್ಲ ಚಿಕಿತ್ಸೆಗೂ ಒಪ್ಪಿಗೆ ಕೊಡುವ ಅಧಿಕಾರ ಸಂಬಂಧಿಕರಿಗೆ ಮಾತ್ರ. ಹೀಗಾಗಿ ಜ್ವರದ ಪ್ರಶ್ನೆಗೆ ಈ ನಮೂನೆಯೊಂದೇ ಸಾಲದು. ತಂದೆತಾಯಿಯೇ ಸಹಿ ಮಾಡಿದ ವೈದ್ಯಕೀಯ ಒಪ್ಪಿಗೆಪತ್ರವನ್ನು ಈಗಲೇ ಬರೆಸಿ ಮಕ್ಕಳ ವೈದ್ಯರ ಕಡತದಲ್ಲಿ ಸೇರಿಸಿಡಿ. ಈ ಯಾವ ಕಾಗದದಿಂದಲೂ ತಂದೆತಾಯಿಯ ಹಕ್ಕು ಕಡಿಮೆಯಾಗುವುದಿಲ್ಲ ಎಂಬುದನ್ನು ಆ ತಾಯಿಗೆ ಒತ್ತಿ ಹೇಳಿ. ಮಕ್ಕಳನ್ನು ಬರೆದುಕೊಟ್ಟಂತಾಗುತ್ತದೆ ಎಂದು ಹೆದರಿ ಸಹಿ ಮಾಡದೆ ಹೋದವರನ್ನು ನಾನು ಕಂಡಿದ್ದೇನೆ.

ಇದಕ್ಕಿಂತ ಗಟ್ಟಿಯಾದ ದಾರಿ ನ್ಯಾಯಾಲಯದ ಜಂಟಿ ಗಾರ್ಡಿಯನ್ (ಪಾಲಕ) ಆದೇಶ. ವಲಸೆ ಕ್ರಮದಿಂದಾಗಿ ತಂದೆತಾಯಿ ದೂರವಾಗುವ ಸಂದರ್ಭಕ್ಕೂ ಇಂಥ ಆದೇಶ ಪಡೆಯಲು ಅವಕಾಶ ಕೊಡುವ ಕಾಯ್ದೆಗೆ ಇಲ್ಲಿನ ಗವರ್ನರ್ 2025ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದರು. 2026ರ ಜನವರಿಯಿಂದ ಅದು ಜಾರಿಯಲ್ಲಿದೆ. ತಂದೆ ಅಥವಾ ತಾಯಿಯ ಹಕ್ಕು ಹಾಗೆಯೇ ಇರುತ್ತದೆ, ಅದರೊಂದಿಗೆ ಇನ್ನೊಬ್ಬರೂ ಗಾರ್ಡಿಯನ್ ಆಗಿರುತ್ತಾರೆ. ಬೇರೆ ರಾಜ್ಯದಲ್ಲಿರುವವರು ಇದನ್ನು ಹಾಗೆಯೇ ಅನುಸರಿಸಬೇಡಿ. ನ್ಯೂಯಾರ್ಕ್‌ನಲ್ಲಿ 2018ರಲ್ಲಿ ತಿದ್ದುಪಡಿಯಾದ 'ಸ್ಟ್ಯಾಂಡ್‌ಬೈ ಗಾರ್ಡಿಯನ್' ವ್ಯವಸ್ಥೆಯಿದೆ, ಟೆಕ್ಸಾಸ್‌ನಲ್ಲಿ 'ಆಥರೈಸೇಷನ್ ಅಗ್ರಿಮೆಂಟ್' ಎಂಬ ಬೇರೆಯೇ ನಮೂನೆಯಿದೆ.

ನೋಟರಿಯ ಬಗ್ಗೆ ಒಂದು ಮಾತು. ನಮ್ಮ ಊರಿನಲ್ಲಿ ನೋಟರಿ ಎಂದರೆ ಸಾಮಾನ್ಯವಾಗಿ ವಕೀಲರೇ. ಇಲ್ಲಿ ಬ್ಯಾಂಕಿನಲ್ಲೋ ಕೊರಿಯರ್ ಅಂಗಡಿಯಲ್ಲೋ ಕುಳಿತು, ಸಹಿ ಮಾಡಿದವರು ನೀವೇ ಎಂದು ಖಚಿತಪಡಿಸುವವರು ಅಷ್ಟೇ. ಅಂಥವರು ಕಾನೂನು ಸಲಹೆ ಕೊಡಲು ಬಂದರೆ ಎದ್ದು ಬನ್ನಿ. ಅರ್ಜಿ ಹಾಕಿಸಿಕೊಡುತ್ತೇವೆಂದು ಹಣ ಪಡೆದು ಪ್ರಕರಣವನ್ನೇ ಕೆಡಿಸಿದ ನಿದರ್ಶನಗಳು ನಮ್ಮ ಕಚೇರಿಗೆ ಆಗಾಗ ಬರುತ್ತಿರುತ್ತವೆ.

ನಿಮ್ಮ ಅಳುಕಿನ ವಿಷಯ: ಅಮೆರಿಕದ ಪ್ರಜೆಗಳಾದ ಇಬ್ಬರು ಮಕ್ಕಳಿಗೆ ಊಟ ಹಾಕಿ ಶಾಲೆಗೆ ಬಿಡುವುದು ಅಪರಾಧವಲ್ಲ. ಯಾವ ಅಧಿಕಾರಿಯ ಮುಂದೆಯೂ ಸುಳ್ಳು ಹೇಳಬೇಡಿ. ಸುಮ್ಮನಿರುವ ಹಕ್ಕು ನಿಮಗಿದೆ. ಯಾರೂ ಮುಂದೆ ಬಾರದಿದ್ದಾಗ ಮಕ್ಕಳು ಕೌಂಟಿಯ ಮಕ್ಕಳ ರಕ್ಷಣಾ ಇಲಾಖೆಯ ವಶಕ್ಕೆ ಹೋಗುತ್ತಾರೆ. 1997ರ ಫೆಡರಲ್ ಕಾಯ್ದೆಯ ಪ್ರಕಾರ, ಮಗು 22 ತಿಂಗಳಲ್ಲಿ 15 ತಿಂಗಳು ಫಾಸ್ಟರ್ ಆರೈಕೆಯಲ್ಲಿ (ಸರ್ಕಾರದ ವಶದಲ್ಲಿ, ಬೇರೆಯವರ ಪಾಲನೆಯಲ್ಲಿ) ಕಳೆದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ತಂದೆತಾಯಿಯ ಹಕ್ಕನ್ನೇ ರದ್ದುಮಾಡುವಂತೆ ರಾಜ್ಯ ಅರ್ಜಿ ಹಾಕಬೇಕಾಗುತ್ತದೆ. ಬಂಧನ ಕೇಂದ್ರದಲ್ಲಿರುವ ತಾಯಿ ಮಕ್ಕಳ ನ್ಯಾಯಾಲಯದ ವಿಚಾರಣೆಗೆ ವಿಡಿಯೊ ಮೂಲಕವಾದರೂ ಹಾಜರಾಗದೇ ಹೋದರೆ ತಿಂಗಳುಗಳು ತಾವಾಗಿಯೇ ಕಳೆದುಹೋಗುತ್ತವೆ. ನಿಮ್ಮ ಒಂದು ಸಹಿ ತಡೆಯುವುದು ಇದನ್ನೇ.

ಅಜ್ಜಿಯ ಊರಿಗೆ ಕಳುಹಿಸಲು ಮಕ್ಕಳಿಗೆ ಅಮೆರಿಕದ ಪಾಸ್‌ಪೋರ್ಟ್, ಜೊತೆಗೆ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಅಥವಾ ಭಾರತದ ವೀಸಾ ಬೇಕು. 16 ವರ್ಷದೊಳಗಿನ ಮಗುವಿನ ಪಾಸ್‌ಪೋರ್ಟಿಗೆ ತಂದೆತಾಯಿ ಇಬ್ಬರೂ ಹಾಜರಿರಬೇಕು, ಇಲ್ಲವೇ ಬಾರದವರ ನೋಟರೀಕೃತ ಒಪ್ಪಿಗೆ ಇರಬೇಕು. ಇಬ್ಬರೂ ಇಲ್ಲಿರುವಾಗ ಒಂದೇ ದಿನದಲ್ಲಿ ಮುಗಿಯುವ ಈ ಕೆಲಸಕ್ಕೆ, ಅವರು ಹಾಸನ ತಲುಪಿದ ಮೇಲಾದರೆ ಚೆನ್ನೈನ ಅಮೆರಿಕನ್ ಕಾನ್ಸುಲೇಟಿನವರೆಗೆ ಅಲೆಯಬೇಕಾದೀತು. ತಂದೆತಾಯಿ ತಮ್ಮ ಭಾರತೀಯ ಪಾಸ್‌ಪೋರ್ಟನ್ನೇ ಗುರುತಿಗೆ ತೋರಿಸಬಹುದು. ಆದರೂ ಹೋಗುವ ಮುನ್ನ ವಕೀಲರನ್ನು ಕೇಳಿಕೊಳ್ಳಲಿ.

ಉತ್ತರ 2: ಶಾಲೆಯ ಆಫೀಸಿನಿಂದ

ನಾನು ಬೇ ಏರಿಯಾದ ಪ್ರಾಥಮಿಕ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಗುಮಾಸ್ತರು ಹೇಳಿದ ಕಾಗದಗಳೆಲ್ಲ ಸರಿ, ಆದರೆ ಮೊದಲ ದಿನದ ಮಧ್ಯಾಹ್ನ ಮೂರು ಗಂಟೆಗೆ ನಾವು ನೋಡುವುದು ಎಮರ್ಜೆನ್ಸಿ ಕಾರ್ಡನ್ನು ಮಾತ್ರ. ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ, ಆ ಮಗು ನಿಮ್ಮನ್ನು ನೋಡಿ ಓಡಿಬಂದು ತಬ್ಬಿಕೊಂಡರೂ ನಾನು ಕಳುಹಿಸುವಂತಿಲ್ಲ. ಆ ತಾಯಿ ನಾಳೆಯೇ ಶಾಲೆಗೆ ಬಂದು ನಿಮ್ಮ ಹೆಸರನ್ನೂ, ನೀವು ಊರಿನಲ್ಲಿಲ್ಲದ ದಿನಕ್ಕೆ ಇನ್ನೂ ಇಬ್ಬರ ಹೆಸರನ್ನೂ ಸೇರಿಸಲಿ. ಕಾರಣ ಹೇಳಬೇಕಾಗಿಲ್ಲ, ನಾವು ಕೇಳುವಂತೆಯೂ ಇಲ್ಲ.

2019ರ ಆಗಸ್ಟ್ 7ರಂದು ಮಿಸಿಸಿಪ್ಪಿಯ ಕೋಳಿಮಾಂಸದ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ಸುಮಾರು 680 ಜನರನ್ನು ಬಂಧಿಸಿದ್ದನ್ನು ನಮ್ಮ ಇಲಾಖೆಯವರು ಈಗಲೂ ನೆನೆಯುತ್ತಾರೆ. ಅಲ್ಲಿನ ಹಲವು ಮಕ್ಕಳಿಗೆ ಅದು ಶಾಲೆಯ ಮೊದಲ ದಿನ. ಸಂಜೆ ಮನೆಗೆ ಹೋದರೆ ಬಾಗಿಲು ತೆರೆಯುವವರಿಲ್ಲ. ಫಾರೆಸ್ಟ್ ಎಂಬ ಊರಿನ ವ್ಯಾಯಾಮಶಾಲೆಯೊಂದರಲ್ಲಿ ಮಕ್ಕಳಿಗೆ ಊಟ, ಹಾಸಿಗೆಯ ಏರ್ಪಾಟು ಮಾಡಬೇಕಾಯಿತು.

ಶಾಲೆಗೆ ಕಳುಹಿಸುವುದೇ ಅಪಾಯವೆಂದು ಕೆಲವರು ಮಕ್ಕಳನ್ನು ಮನೆಯಲ್ಲಿಯೇ ಇಟ್ಟುಕೊಳ್ಳುತ್ತಿದ್ದಾರೆ. ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳಲ್ಲಿ ಬಂಧನ ಮಾಡದಂತೆ ಇದ್ದ ಫೆಡರಲ್ ಮಾರ್ಗಸೂಚಿಯನ್ನು 2025ರ ಜನವರಿಯಲ್ಲಿ ಹಿಂತೆಗೆದುಕೊಂಡದ್ದು ನಿಜ. ಆದರೆ ವಲಸೆ ಸ್ಥಿತಿ ಏನೇ ಇದ್ದರೂ ಮಗುವಿಗೆ ಸರ್ಕಾರಿ ಶಾಲೆಯಲ್ಲಿ ಓದುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 1982ರ ಪ್ಲೈಲರ್ ಪ್ರಕರಣದಲ್ಲಿ ಹೇಳಿದ್ದು ಹಾಗೆಯೇ ಉಳಿದಿದೆ. ನ್ಯಾಯಾಧೀಶರ ಸಹಿಯಿರುವ ವಾರಂಟ್ ಇಲ್ಲದೆ ಶಾಲೆಯ ಒಳಭಾಗಕ್ಕೆ ಐಸ್ ಅಧಿಕಾರಿಗಳನ್ನು ಬಿಡಬಾರದೆಂದು ಕ್ಯಾಲಿಫೋರ್ನಿಯಾ 2025ರಲ್ಲಿ ಕಾಯ್ದೆಯನ್ನೂ ಮಾಡಿದೆ.

ಕೊನೆಯದಾಗಿ, ಒಂಬತ್ತು ವರ್ಷದ ಹುಡುಗನಿಗೆ ಏನು ಹೇಳುತ್ತೀರಿ ಎಂಬುದನ್ನು ತಂದೆತಾಯಿಯೇ ನಿಶ್ಚಯಿಸಬೇಕು. "ಅಪ್ಪ ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದಾರೆ" ಎಂದು ನಂಬಿಸಲಾಗಿದ್ದ ಮಗುವೊಂದು ನಮ್ಮ ಶಾಲೆಯಲ್ಲಿ, ತಾನು ಗಲಾಟೆ ಮಾಡಿದ್ದಕ್ಕೇ ಅಪ್ಪ ಬರುತ್ತಿಲ್ಲ ಎಂದುಕೊಂಡು ವಾರಗಟ್ಟಲೆ ಊಟದ ಡಬ್ಬಿ ಮುಟ್ಟಲಿಲ್ಲ. ಎಲ್ಲವನ್ನೂ ಹೇಳಬೇಕಾಗಿಲ್ಲ. ಯಾರು ಬಂದು ಕರೆದೊಯ್ಯುತ್ತಾರೆ, ರಾತ್ರಿ ಎಲ್ಲಿ ಮಲಗುವುದು, ತಪ್ಪು ತನ್ನದಲ್ಲ ಎಂಬಷ್ಟು ಗೊತ್ತಿದ್ದರೆ ಸಾಕು. ಒಂದು ರಾತ್ರಿ ನಿಮ್ಮ ಮನೆಯಲ್ಲಿ ಸುಮ್ಮನೆ ಉಳಿಸಿಕೊಂಡು ನೋಡಿ; ಹೊಸ ಹಾಸಿಗೆ ಆಗಲೇ ಪರಿಚಯವಾಗಿರಲಿ.

ಉತ್ತರ 3: ತಿಪಟೂರಿನವ, ಈಗ ಡಲ್ಲಾಸ್

ನನ್ನ ತಮ್ಮನನ್ನು ಬಂಧಿಸಿದಾಗ ಕಲಿತ ಮೂರು ವಿಷಯ ಹೇಳುತ್ತೇನೆ.

ಅವನ ಮೊಬೈಲನ್ನು ಮೊದಲೇ ತೆಗೆದುಕೊಂಡರು. ಅವನಿಗೆ ಬಾಯಿಪಾಠವಿದ್ದ ಒಂದೇ ಒಂದು ನಂಬರ್ ತಿಪಟೂರಿನ ನಮ್ಮ ಮನೆಯ ಹಳೆಯ ಲ್ಯಾಂಡ್‌ಲೈನ್. ಅದನ್ನು ಕಿತ್ತುಹಾಕಿಸಿ ಹತ್ತು ವರ್ಷವಾಗಿತ್ತು. ಆ ದಂಪತಿ ನಿಮ್ಮ ನಂಬರನ್ನು ಮಗ್ಗಿಯಂತೆ ಕಂಠಪಾಠ ಮಾಡಲಿ, ಹುಡುಗನೂ ಮಾಡಲಿ.

ಎರಡನೆಯದು ಹೆಸರು. ಬಂಧಿತರನ್ನು ಹುಡುಕುವ ಐಸ್‌ನ ಜಾಲತಾಣದಲ್ಲಿ ಎ-ನಂಬರ್ (ವಲಸೆ ಇಲಾಖೆ ಕೊಡುವ ಗುರುತಿನ ಸಂಖ್ಯೆ) ಇಲ್ಲದಿದ್ದರೆ ಹೆಸರು ಮತ್ತು ಹುಟ್ಟಿದ ದೇಶ ಕೊಟ್ಟು ಹುಡುಕಬೇಕು, ಅಕ್ಷರ ಅಕ್ಷರವೂ ಹೊಂದಬೇಕು. ತಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇತ್ತು. ಆದ್ದರಿಂದ ವೀಸಾದಲ್ಲಿ ಅವನ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ತಿಳಿದಿಲ್ಲ) ಎಂದು ಬಿದ್ದಿತ್ತು. ಇನಿಷಿಯಲ್ ಸೇರಿಸಿ, ಬಿಟ್ಟು, ಅಪ್ಪನ ಹೆಸರು ಹಾಕಿ ಎರಡು ದಿನ ಹುಡುಕಿದೆವು. 'ಎಫ್‌ಎನ್‌ಯು' ಎಂದು ಹಾಕಿದ ಮೇಲೆ ಸಿಕ್ಕಿದ, ಅದೂ ಬೇರೆ ರಾಜ್ಯದ ಕೇಂದ್ರವೊಂದರಲ್ಲಿ. ವೀಸಾ ಪುಟದ ಪ್ರತಿಯನ್ನು ಆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ.

ಮೂರನೆಯದು, ಕೇಳಿದರೆ ಮಾತ್ರ ಸಿಗುವಂಥವು. 1963ರ ವಿಯೆನ್ನಾ ಒಪ್ಪಂದದಂತೆ ಬಂಧಿತನು ಬಯಸಿದರೆ ಅವನ ದೇಶದ ಕಾನ್ಸುಲೇಟಿಗೆ ತಿಳಿಸಬೇಕು. ಭಾರತೀಯರ ವಿಷಯದಲ್ಲಿ ಇದು ತಾನಾಗಿ ಆಗುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ನ್ಯಾಯಾಲಯದಲ್ಲಿ ದುಭಾಷಿಯನ್ನು ಉಚಿತವಾಗಿ ಕೊಡುತ್ತಾರೆ, ಆದರೆ ಭಾರತದವನೆಂದು ತಿಳಿದು ಹಿಂದಿಯವರನ್ನೇ ಫೋನಿನಲ್ಲಿ ಕೂರಿಸಿದ್ದರು. ತಮ್ಮನ ಹಿಂದಿ ಸಿನಿಮಾ ನೋಡಿ ಕಲಿತದ್ದು. "ಕನ್ನಡ" ಎಂದು ಪಟ್ಟುಹಿಡಿದ ಮೇಲೆ ವಿಚಾರಣೆ ಮುಂದೂಡಿ ಕನ್ನಡದವರನ್ನು ಕೊಟ್ಟರು.

ಉತ್ತರ 4: ಸಾಲಿನಲ್ಲಿ ನಿಂತವನು

ನನಗೆ ಮಕ್ಕಳ ಮೇಲೆ ಕನಿಕರವಿದೆ. ಆದರೂ ಗ್ರೀನ್ ಕಾರ್ಡಿಗಾಗಿ ಹದಿನಾಲ್ಕು ವರ್ಷಗಳಿಂದ ನಿಯಮ ತಪ್ಪದೆ ಕಾಯುತ್ತಿರುವ ನಮ್ಮಂಥವರಿಗೆ, ಗಡುವು ಮೀರಿ ಉಳಿದವರ ಪರವಾಗಿ ಕನ್ನಡ ತರಗತಿಯ ಹೆಸರು ಬರುವುದು ಸರಿಯೆನಿಸುವುದಿಲ್ಲ. ಅವರು ಗೌರವದಿಂದ ಊರಿಗೆ ಮರಳುವುದೇ ಒಳ್ಳೆಯದಲ್ಲವೇ?

ಉತ್ತರ 5: ವಕೀಲರ ಕಚೇರಿಯ ಗುಮಾಸ್ತ

ಅಫಿಡವಿಟ್‌ನಲ್ಲಿ ಬರುವುದು ಟೀಚರ್ ಅವರ ಹೆಸರು ಮತ್ತು ವಿಳಾಸ, ತರಗತಿಯದಲ್ಲ. ಊರಿಗೆ ಮರಳುವುದೂ ಒಂದು ದಾರಿಯೇ. ಆದರೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಕ್ರಮವಾಗಿ ಉಳಿದವರೆಂದು ಲೆಕ್ಕಕ್ಕೆ ಬಂದರೆ ಹೊರಟ ದಿನದಿಂದ ಮತ್ತೆ ಅಮೆರಿಕಕ್ಕೆ ಬರಲು ಹತ್ತು ವರ್ಷದ ನಿಷೇಧ ಬೀಳುತ್ತದೆ. ಆದ್ದರಿಂದ ಅದನ್ನೂ ವಕೀಲರ ಮುಂದೆ ಕುಳಿತು ಯೋಚಿಸಬೇಕು. ಅವರು ಸ್ವಂತ ಇಚ್ಛೆಯಿಂದ ಹೊರಟರೂ ಮಕ್ಕಳಿಗೆ ಪಾಸ್‌ಪೋರ್ಟ್ ಮತ್ತು ಒಸಿಐ ಅಥವಾ ವೀಸಾ ಬೇಕೇ ಬೇಕು. ಅಂದರೆ ನಿಮ್ಮ ಸಲಹೆಯಂತೆ ನಡೆದರೂ ಮೊದಲ ಕೆಲಸ ಇದೇ.

ಶನಿವಾರದ ಟೀಚರ್

ಎಲ್ಲರಿಗೂ ಕೃತಜ್ಞತೆಗಳು. ಎಮರ್ಜೆನ್ಸಿ ಕಾರ್ಡಿನಲ್ಲಿ ನನ್ನ ಹೆಸರು ಸೇರಿದೆ, ನನ್ನ ಪತಿಯದೂ ಸೇರಿದೆ. ಅಫಿಡವಿಟ್ ನಮೂನೆಯನ್ನು ತುಂಬಿಸಿ ಇಟ್ಟಿದ್ದೇನೆ; ಮಕ್ಕಳು ನಮ್ಮ ಮನೆಗೆ ಬಂದ ದಿನ ಸಹಿ ಮತ್ತು ತಾರೀಕು ಹಾಕುವುದಷ್ಟೇ ಬಾಕಿ. ಉಚಿತ ಸಲಹೆ ಕೊಡುವ ವಕೀಲರೊಬ್ಬರು ಮುಂದಿನ ಗುರುವಾರ ಆ ದಂಪತಿಗೆ ಸಮಯ ಕೊಟ್ಟಿದ್ದಾರೆ. ಪಾಸ್‌ಪೋರ್ಟ್ ಮತ್ತು ಜಂಟಿ ಗಾರ್ಡಿಯನ್ ವಿಷಯವನ್ನು ಅಲ್ಲಿ ಕೇಳುತ್ತಾರೆ. ಕಡಲೆಕಾಯಿಯ ಹಾಳೆಯನ್ನು ಇಂಗ್ಲಿಷಿಗೆ ಮಾಡಿ ಶಾಲೆಗೂ ಒಂದು ಪ್ರತಿ ಕೊಟ್ಟೆವು.

ಮಕ್ಕಳಿಬ್ಬರೂ ಶುಕ್ರವಾರ ರಾತ್ರಿ ನಮ್ಮಲ್ಲಿಯೇ ಉಳಿದರು. ಹುಡುಗ ನನ್ನ ಫೋನ್ ನಂಬರನ್ನು ಕನ್ನಡ ಅಂಕಿಗಳಲ್ಲಿ ಬರೆದು ಒಪ್ಪಿಸಿದ. ಆರನ್ನೂ ಒಂಬತ್ತನ್ನೂ ಇನ್ನೂ ಅದಲುಬದಲು ಮಾಡುತ್ತಾನೆ, ಈ ಶನಿವಾರ ಅದನ್ನು ತಿದ್ದಿಸಬೇಕು.