ಅಪ್‌ಡೇಟ್: ಹಳೇ ಕಾರಿಗೆ ಎಂಜಿನ್ ಫ್ಲಶ್ ಹಾಕಿದ್ದಾಯ್ತು

20 ವರ್ಷದ ಪೆಟ್ರೋಲ್ ಕಾರಿಗೆ ಫ್ಲಶ್ (ಆಯಿಲ್ ಬದಲಿಸೋ ಮುಂಚೆ ಎಂಜಿನ್ ಒಳಗಿನ ಕೊಳೆ ಬಿಡಿಸೋ ದ್ರವ) ಹಾಕಬಹುದಾ ಅಂತ ಕೇಳಿದ್ದೆ. ಹಾಕಿದೆ. ಹಾಕೋ ಮೊದಲು ನೋಡಿದಾಗ ಆಯಿಲ್ ಮುಚ್ಚಳದಡಿ ಇದ್ದದ್ದು ಬರೀ ಬಿಳಿ ನೊರೆ, ಗಟ್ಟಿ ಮಡ್ಡಿ ಅಲ್ಲ. ಮಡಿಕೇರಿ ಮಳೆಯಲ್ಲಿ ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸಿದರೆ ಎಂಜಿನ್ ಪೂರ್ತಿ ಬಿಸಿಯಾಗಲ್ಲ, ತೇವ ಆಯಿಲಿಗೆ ಸೇರುತ್ತೆ. (ಎಂಜಿನ್ ತಂಪಾಗಿಸೋ ಕೂಲೆಂಟೂ ಇಳೀತಿದ್ರೆ ಅದು ಆಯಿಲಿಗೆ ಸೇರ್ತಿರಬಹುದು; ಮೊದಲು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್, ನೋಡಿಸಿ.)

ಬಿಸಿ ಎಂಜಿನ್ನಿನ ಹಳೇ ಆಯಿಲಿಗೇ 300 ಮಿ.ಲೀ. ಫ್ಲಶ್ ಸುರಿದು 10 ನಿಮಿಷ ಐಡಲ್‌ನಲ್ಲಿ ಬಿಟ್ಟೆ. ಆಗ ಆಯಿಲ್ ತೆಳುವಾಗಿರುತ್ತೆ, ರೇಸ್ ಕೊಟ್ಟರೆ ಬೇರಿಂಗಿಗೆ ಪೆಟ್ಟು. ಬಿಸಿಯಲ್ಲೇ ಡ್ರೈನ್, ಹೊಸ ಫಿಲ್ಟರ್, ಡ್ರೈನ್ ಬೋಲ್ಟಿಗೆ ಹೊಸ ವಾಷರ್.

ಒಳಗೆ ಕಪ್ಪು ಮಡ್ಡಿ ಗಟ್ಟಿಯಾಗಿ ಕೂತಿದ್ದರೆ ಇದು ಬೇಡವೇ ಬೇಡ. ಕಿತ್ತುಬಂದ ಚೂರು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿದರೆ ಪ್ರೆಷರ್ ಬೀಳುತ್ತೆ; ಅಂಥ ಎಂಜಿನ್ನಿಗೆ ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಬಿಚ್ಚಿಯೇ ತೊಳೀಬೇಕು. ಹೊಸ ಆಯಿಲನ್ನು 1,000 ಕಿ.ಮೀ.ಗೇ ಬದಲಿಸ್ತೀನಿ.